ಗುವಾನ್‌ನ ಹಕ್ಕಿ ಕೆಮ್ಮಿದ ಬೆಳಿಗ್ಗೆ

ಬೈಹಾಯ್ ಉದ್ಯಾನದ ಉತ್ತರ ದಂಡೆಯಲ್ಲಿ, ಕೆರೆಗೆ ಬಾಗಿದ ವಿಲೋ ಮರಗಳ ಕೆಳಗೆ ಗುವಾನ್ ಬಾವ್‌ಲಿನ್ ಹೇಳಿದ್ದೇ ಕಾನೂನು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಬರುವ ಮೊದಲ ಪಂಜರ ಅವನದು. ಕೇಳಿದ ಸದ್ದನ್ನೆಲ್ಲ ಅನುಕರಿಸುವ ಅವನ ಹುಲ್ಲುಗಾವಲ ಹಕ್ಕಿ, ಅಂಥ ಹಕ್ಕಿಗಳು ಕಲಿಯಬೇಕಾದ ಹದಿಮೂರು ಪಾಠಗಳನ್ನೂ ಒಪ್ಪಿಸುತ್ತಿತ್ತು. ಗುಬ್ಬಿಗಳ ಗದ್ದಲ, ಬೆಕ್ಕಿನ ಕೂಗು, ಮೊಟ್ಟೆಯಿಟ್ಟ ಕೋಳಿಯ ಸಂಭ್ರಮ, ಹದ್ದಿನ ಸಿಳ್ಳೆ, ಒಂದೂ ಹಿಂದುಮುಂದಾಗುವಂತಿಲ್ಲ. ನಡುವೆ ಹದಿನಾಲ್ಕನೆಯ ಸದ್ದೊಂದು ನುಸುಳಿತೋ, ಹಕ್ಕಿಯ ಬಾಯಿ ಕೆಟ್ಟಿತೆಂದೇ ಲೆಕ್ಕ. ಉಳಿದವು ಅದನ್ನು ಕಲಿಯುವ ಮೊದಲೇ ಎಲ್ಲರೂ ತಮ್ಮ ಪಂಜರಕ್ಕೆ ನೀಲಿ ಬಟ್ಟೆ ಹೊದಿಸಿ, ಕೆಟ್ಟದ್ದನ್ನು ಹೊರಗೆ ಕಳಿಸಬೇಕು.

ನನ್ನ ಹಕ್ಕಿಯನ್ನು ಕಳಿಸಿದವನೂ ಅವನೇ. ನಾನು ಮೆಂಗ್, ಬಸ್ಸು ಓಡಿಸಿ ನಿವೃತ್ತನಾದವನು. ನಮ್ಮ ಓಣಿಯ ಸೈಕಲ್ಲುಗಳ ಬ್ರೇಕಿನ ಸದ್ದನ್ನು ನನ್ನ ಹಕ್ಕಿ ಕಲಿತುಬಿಟ್ಟಿತ್ತು.

"ಇದನ್ನ ಹಳ್ಳಿ ಕಡೆಯೋರಿಗೆ ಕೊಟ್ಬಿಡು ಮೆಂಗ್. ನಾಳೆಯಿಂದ ತರಬೇಡ" ಅಂದ, ಎಲ್ಲರೆದುರು.

"ಒಂದೇ ಸಲ ಕೂಗಿದ್ದಲ್ವೇನೋ ಗುವಾನಣ್ಣ."

"ಒಂದು ಸಲ ಸಾಕು. ನನ್ನ ಹಕ್ಕೀನೇ ಆಗಿದ್ರೂ ಇದೇ ಮಾತು."

ಆ ಮಾತನ್ನು ನಾನು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಹಕ್ಕಿ ಇಲ್ಲದಿದ್ದರೂ ಚಹಾದ ಬಾಟಲಿ ಹಿಡಿದು ದಿನಾ ಅದೇ ಬೆಂಚಿಗೆ ಬರುತ್ತಿದ್ದೆ. ಇವನ ಹಕ್ಕಿಯೂ ಒಂದು ದಿನ ಎಡವಲಿ ಎಂದು ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅದು ಎಡವುವ ಹಕ್ಕಿಯಾಗಿರಲಿಲ್ಲ. ಗುವಾನನ ಮನೆಯಲ್ಲಿ ರೇಡಿಯೋ ಇಲ್ಲ. ಹೋದವರು ಪಿಸುಗುಟ್ಟಬೇಕು. ಅವನ ಹೆಂಡತಿ ವೆನ್‌ಲಾನ್ ಅತ್ತಿಗೆ ಬಾಣಲೆಯನ್ನೂ ಸದ್ದಾಗದಂತೆ ಬಟ್ಟೆಯ ಮೇಲೆ ಇಡುತ್ತಿದ್ದರು. ಓಣಿಯ ಗಲಾಟೆ ತಾಗದಿರಲೆಂದು ಪಂಜರವನ್ನು ಹಿತ್ತಿಲ ಗೋಡೆಗೆ ನೇತುಹಾಕಿದ್ದ.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ. ಹಕ್ಕಿ ಪಂಜರದ ನಡುವಿನ ಪುಟ್ಟ ಪೀಠವೇರಿ, ರೆಕ್ಕೆ ಬಿಚ್ಚಿ ಏಳು ಪಾಠ ಮುಗಿಸಿತು. ಒಂದು ಗಳಿಗೆ ನಿಂತಿತು. ಆಮೇಲೆ ಕೆಮ್ಮಿತು.

ಖೊಳ್, ಖೊಳ್. ಹಿಂದೆಯೇ ಉಸಿರು ಸಿಗದೆ ಒಳಗೆಳೆದುಕೊಳ್ಳುವ ಸಣ್ಣ ಸಿಳ್ಳೆ. ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುವ ಹೆಂಗಸಿನ ಕೆಮ್ಮು ಅದು. ಪಕ್ಕದಲ್ಲಿದ್ದ ಡುಮ್ಮ ಜಿನ್‌ನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ನಾವೆಲ್ಲ ಗುವಾನನ ಮುಖ ನೋಡಿದೆವು.

ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. "ಕೇಳಿದ್ರಾ? ಈ ಹದ್ದಿನ ಸಿಳ್ಳೆ ಇಡೀ ಊರಲ್ಲಿ ಇನ್ಯಾವ ಹಕ್ಕಿಗಿದೆ?"

ಮೂವತ್ತು ವರ್ಷ ಬಾಯ್ಲರ್ ಕಾರ್ಖಾನೆಯ ಸುತ್ತಿಗೆಯ ಸದ್ದು ತಿಂದ ಕಿವಿ ಅವನದು. ಕಿವಿ ಹೋಗಿದೆ, ಹತ್ತಿರ ಹೋಗಿ ಕೂಗದೆ ಏನೂ ಕೇಳಿಸದಷ್ಟು ಹೋಗಿದೆ, ಇಷ್ಟು ದಿನ ನಮ್ಮ ಬಾಯಿ ನೋಡಿಕೊಂಡು, ಹಕ್ಕಿಯ ಗಂಟಲು ನೋಡಿಕೊಂಡು ನಾಟಕ ಆಡಿದ್ದಾನೆ. ನಮ್ಮ ಹಕ್ಕಿಗಳ ತಪ್ಪು ಎಣಿಸಿದವನು ಇವನೇ.

ಅವನು ಕಣ್ಣು ಬಿಡುವಷ್ಟರಲ್ಲಿ ಎಲ್ಲ ಪಂಜರಗಳಿಗೂ ನೀಲಿ ಬಟ್ಟೆ ಬಿದ್ದಿತ್ತು.

"ಯಾಕ್ರೋ ಮುಚ್ಚಿದ್ರಿ? ಯಾರದ್ದು ಕೆಟ್ಟಿದ್ದು?"

ನಾನು ಎದ್ದು ಹೋಗಿ ಅವನ ಕಿವಿಯಲ್ಲೇ ಕೂಗಿದೆ. "ನಿಂದೇ ಕಣೋ ಗುವಾನಣ್ಣ. ಕೆಮ್ಮು ಕಲ್ತಿದೆ."

"ನಾನೆಲ್ಲಿ ಕೆಮ್ತೀನಿ?"

"ನಿನ್ನ ಕೆಮ್ಮಲ್ಲ. ಹೆಂಗಸಿಂದು. ಉಸಿರು ಸಿಗದೇ ಇರೋ ಕೆಮ್ಮು."

"ನಮ್ಮನೇಲಿ ಯಾರೂ ಕೆಮ್ಮಲ್ವಲ್ಲ" ಅಂದವನ ಬಾಯಿ ತೆರೆದೇ ಉಳಿಯಿತು. ಹಕ್ಕಿ ಸಾಕಿದವರಿಗೆಲ್ಲ ಗೊತ್ತು, ಒಂದು ಸದ್ದನ್ನು ತಿಂಗಳುಗಟ್ಟಲೆ ದಿನಾ ಕೇಳದೆ ಅದು ಕಲಿಯುವುದಿಲ್ಲ. ಆ ಮನೆಯಲ್ಲಿ ಹೆಂಗಸೆಂದರೆ ಅತ್ತಿಗೆ ಒಬ್ಬರೇ. ಎರಡು ವರ್ಷ ಕಾದಿದ್ದ ನನ್ನ ಖುಷಿ ಅಲ್ಲೇ ಸತ್ತಿತು.

ದಾರಿಯ ಸದ್ದು ತಾಗದಂತೆ ದಿನಾ ಮುಚ್ಚಿಯೇ ಒಯ್ಯುವ ಪಂಜರಕ್ಕೆ ಬಟ್ಟೆ ಹೊದಿಸುವುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಅವನು ಮನೆಗೆ ಓಡಿದ. ನಾನೂ ಹಿಂದೆಯೇ ಓಡಿದೆ. ಅತ್ತಿಗೆ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಟ್ಟೆಯಿಲ್ಲದ ಪಂಜರ ಕಂಡದ್ದೇ ಅವರ ಕೈ ನಿಂತಿತು.

"ಹಕ್ಕಿ ಬಾಯಿ ಕೆಡ್ತಾ?" ಅಂದರು. ಅಳುವುದಕ್ಕೇ ಶುರು ಮಾಡಿದರು, ಆ ಹಕ್ಕಿಗಾಗಿ. "ತಪ್ಪಾಯ್ತು ರೀ. ಹಿತ್ತಿಲಿನ ಕಲ್ಲಿದ್ದಲ ಗೂಡೊಳಗೆ ಹೋಗಿ ಬಾಗಿಲು ಹಾಕ್ಕೊಂಡೇ ಕೆಮ್ತಿದ್ದೆ. ಗೋಡೆ ದಾಟಿ ಕೇಳ್ಸುತ್ತೆ ಅಂತ ಗೊತ್ತಾಗ್ಲಿಲ್ಲ."

ಅವನು ನನ್ನ ಮುಖ ನೋಡಿದ. ಆ ಮಾತನ್ನು ನಾನು ಅವನ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಎಷ್ಟು ದಿನದಿಂದ?" ಅಂದ.

"ಎರಡು ಚಳಿಗಾಲ ಆಯ್ತು."

"ನಂಗೆ ಹೇಳ್ಬಾರ್ದಾಗಿತ್ತಾ?"

"ಪಕ್ಕದಲ್ಲೇ ಮಲಗ್ತೀರಲ್ಲ. ತಡೆಯಕ್ಕಾಗ್ದೆ ಕೆಮ್ಮಿದ್ರೂ ತಿರುಗ್ತಿರ್ಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೀರಿ ಅಂದ್ಕೊಂಡೆ."

ಅವರ ಒಂದೊಂದು ಉತ್ತರವನ್ನೂ ನಾನೇ ಕೂಗಿದೆ. ಗುವಾನ್ ಅಲ್ಲೇ ಸೊಪ್ಪಿನ ಮೇಲೆ ಕೂತುಬಿಟ್ಟ.

ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದ ಡಾಕ್ಟರಮ್ಮ, "ಹೋದ ವರ್ಷವಾದ್ರೂ ಬರಬಾರ್ದಾಗಿತ್ತಾ" ಅಂದರು. ಕೆರೆಯಲ್ಲಿ ತಾವರೆ ಅರಳುವ ಹೊತ್ತಿಗೆ ಅತ್ತಿಗೆ ಹೋದರು.

ಬಾಯಿ ಕೆಟ್ಟ ಹಕ್ಕಿಯನ್ನು ಗುವಾನ್ ಯಾರಿಗೂ ಕೊಡಲಿಲ್ಲ. ಯಾರೂ ಪಂಜರ ತರದ ಪೂರ್ವ ದಂಡೆಗೆ ಈಗ ನಾವಿಬ್ಬರೇ ಹೋಗುತ್ತೇವೆ. ಹಕ್ಕಿ ಪಾಠ ಶುರು ಮಾಡಿದೊಡನೆ ಅವನು ಹಕ್ಕಿಯನ್ನು ನೋಡುವುದಿಲ್ಲ, ನನ್ನ ಕೈ ನೋಡುತ್ತಾನೆ. ಅದು ಕೆಮ್ಮಿದಾಗ ನಾನು ಬೆರಳೆತ್ತಬೇಕು. ಬೆರಳೆತ್ತಿದರೆ ಅವನು ಪಂಜರಕ್ಕೆ ಹಣೆ ಹಚ್ಚಿ, "ಹೇಳು ವೆನ್‌ಲಾನ್" ಅನ್ನುತ್ತಾನೆ.

ಮನೆಯಲ್ಲಿ ಕೆಮ್ಮುವವರಿಲ್ಲದೆ ಹಕ್ಕಿ ಅದನ್ನು ಮರೆತು ಎರಡು ತಿಂಗಳಾಯಿತು. ಹದಿಮೂರೂ ಪಾಠಗಳನ್ನು ಅಚ್ಚುಕಟ್ಟಾಗಿ ಒಪ್ಪಿಸುತ್ತದೆ. ನಾನು ದಿನಾ ಏಳನೆಯ ಪಾಠ ಮುಗಿದ ಮೇಲೆ ಬೆರಳೆತ್ತುತ್ತೇನೆ.