ಟೀಚರ್ ಜೊತೆ ದ್ರಾಕ್ಷಿತೋಟದ ದಾರಿ

ಮೊನ್ನೆ ಅಡುಗೆಮನೆಯ ಕೆಳಗಿನ ಡ್ರಾಯರ್ ಒರೆಸಲೆಂದು ಎಳೆದಾಗ, ರಬ್ಬರ್ ಬ್ಯಾಂಡುಗಳ ಅಡಿಯಲ್ಲಿ ಬಟ್ಟೆಗೆ ಹಾಕುವ ಮರದ ಕ್ಲಿಪ್ಪೊಂದು ಸಿಕ್ಕಿತು. ಅದರ ಒಂದು ಬದಿ ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಸೈಕಲ್ ಚೈನಿನ ಎಣ್ಣೆಯ ವಾಸನೆ... ಕೆಳಮನೆಯ ಟೀಚರ್ ತಮ್ಮ ಸಲ್ವಾರಿನ ಬಲಗಾಲನ್ನು ಚೈನಿಗೆ ಸಿಗದಂತೆ ಮಡಚಿ ಕಚ್ಚಿಸುತ್ತಿದ್ದ ಕ್ಲಿಪ್ಪು ಅದು.

ನೆರೂಳದ ನಮ್ಮ ಸೊಸೈಟಿಯಲ್ಲಿ ನಮ್ಮದು ಎರಡನೆಯ ಮಹಡಿ, ಅವರದು ನೆಲಮಹಡಿ. ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಠಾಣೆಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದ ಗಂಡ ತೀರಿಕೊಂಡು ಆಗಲೇ ನಾಲ್ಕು ವರ್ಷ. ಅರುವತ್ತೇಳರ ಟೀಚರ್ ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಹೋಗುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಹುಡುಗಿಯರು ಮೊಣಕಾಲು ಜೋಡಿಸಿ ಕೂರಬೇಕೆಂದು ಸಿಸ್ಟರ್ ಹೇಳಿದ್ದನ್ನು, ನನಗೆ ನಲವತ್ತಾರು ವರ್ಷವಾದರೂ, ಪಾಲಿಸುತ್ತಿದ್ದವಳು.

"ಕಾಲು ಜೋಡಿಸಿಕೊಂಡು ಸೈಕಲ್ ಹೊಡೀಲಿಕ್ಕೆ ಆಗುದಿಲ್ಲ ಮಾರಾಯ್ತಿ, ಬಾ ಕೆಳಗೆ," ಎಂದು ಅವರು ಒಂದು ದಿನ ಕೂಗಿದರು. ಎರಡು ತಿಂಗಳು ಪಾರ್ಕಿಂಗ್‌ನಲ್ಲಿ ನನ್ನ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ನಡೆದರು. ಅವರ ಮೊಣಕಾಲು ಆಗಲೇ ಸವೆದಿತ್ತೆಂದು ನನಗೆ ತಿಳಿದದ್ದು ಆಮೇಲೆ.

ಆ ಕಾರ್ತಿಕದಲ್ಲಿ ಡಾಕ್ಟರು ಮೊಣಕಾಲಿನ ಆಪರೇಷನ್‌ಗೆ ದಿನ ಗೊತ್ತುಮಾಡಿದರು. ಮತ್ತೆ ಸೈಕಲ್ ಹತ್ತುವುದು ಅನುಮಾನವೆಂದೂ ಹೇಳಿದರು. ಅವತ್ತು ಸಂಜೆ ಟೀಚರ್ ಒಂದು ಹಳೆಯ ಮೆನು ಕಾರ್ಡ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದರ ಹಿಂಬದಿಯಲ್ಲಿ ಅವರ ಗಂಡ ಪೆನ್ಸಿಲಿನಿಂದ ನಕ್ಷೆ ಬರೆದಿದ್ದರು. ನಾಸಿಕ್ ಊರಿನ ಹೊರಗೆ, ದ್ರಾಕ್ಷಿತೋಟಗಳ ನಡುವೆ, ಕೂತು ವೈನ್ ರುಚಿ ನೋಡಬಹುದಾದ ಮೂರು ಜಾಗಗಳು. ಜೀವಮಾನವೆಲ್ಲ ಬೇರೆಯವರಿಗೆ ಚಹಾ-ಕಾಫಿ ಕಳಿಸಿದ ಮನುಷ್ಯ, ರಿಟೈರ್ ಆದ ಮೇಲೆ ಹೆಂಡತಿಯ ಜೊತೆ ಸೈಕಲ್ಲಿನಲ್ಲಿ ಹೋಗಿ ಅಲ್ಲಿ ಗಿರಾಕಿಯಂತೆ ಕೂರಬೇಕು ಎನ್ನುತ್ತಿದ್ದರಂತೆ. ಹೋಗಲಾಗಲಿಲ್ಲ.

"ಆಪರೇಷನ್‌ಗೆ ಮೊದಲು ಹೋಗಿ ಬರುವಾ. ಪ್ಲಾನ್ ಎಲ್ಲ ನೀನೇ ಮಾಡು. ನಿನ್ನ ಅಕ್ಷರ ಚಂದ ಉಂಟು," ಎಂದರು.

ಮಾಡಿದೆ. ಮಾರ್ಜಿನ್ ಎಳೆದು, ಗೆರೆ ಹಾಕಿದ ಹಾಳೆಯಲ್ಲಿ. ನೆರೂಳದಿಂದ ಠಾಣೆಗೆ ಲೋಕಲ್, ಅಲ್ಲಿಂದ ನಾಸಿಕ್ ಗಾಡಿ. ನಾಸಿಕ್‌ನಲ್ಲಿ ಟೀಚರ ಹಳೆಯ ವಿದ್ಯಾರ್ಥಿಯ ಅಂಗಡಿಯಿಂದ ಎರಡು ಸೈಕಲ್. ಎಲ್ಲಿ ನೀರು ಕುಡಿಯಬೇಕು, ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಎಲ್ಲ ಬರೆದೆ. ದಿನ ಗೊತ್ತುಮಾಡುವುದೊಂದೇ ಕಷ್ಟ. ನಮ್ಮತ್ತೆ ಏಕಾದಶಿಗೆ ನೀರೂ ಮುಟ್ಟದೆ ಉಪವಾಸ ಮಾಡುವವರು; ಅವತ್ತು ಮತ್ತು ದ್ವಾದಶಿ ಬೆಳಿಗ್ಗೆ ನಾನು ಮನೆಯಲ್ಲಿರಲೇಬೇಕು. ಊರಿನಿಂದ ಬರುವ ಪಂಚಾಂಗ ನೋಡಿದೆ. ಏಕಾದಶಿ ಭಾನುವಾರ. ಹಾಗಾದರೆ ಶನಿವಾರ, ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಅತ್ತೆಗೆ ಪಂಚವಟಿಗೆ ಹೋಗುತ್ತೇವೆ ಎಂದೆ. "ದೇವರಿಗೆ ನನ್ನದೂ ಒಂದು ನಮಸ್ಕಾರ ಹಾಕು," ಎಂದರು. ನನಗೆ ಮುಖ ಎತ್ತಲಾಗಲಿಲ್ಲ.

ಶನಿವಾರ ಹವೆ ತಂಪಾಗಿತ್ತು. ಟೀಚರ್ ಏರಿನಲ್ಲೂ ಇಳಿಯಲಿಲ್ಲ. ಹಲ್ಲು ಕಚ್ಚಿ ತುಳಿದರು. ಕತ್ತಿನ ಹಿಂದೆ ಬೆವರಿಗೆ ಬಿಳಿ ಕೂದಲು ಅಂಟಿತ್ತು. ಮೊದಲನೆಯ ಜಾಗದ ಗೇಟು ಮುಚ್ಚಿತ್ತು. ಎರಡನೆಯದೂ. ಮೂರನೆಯದರಲ್ಲಿ ಗೇಟೇನೋ ತೆರೆದಿತ್ತು, ಆದರೆ ವಾಚ್‌ಮನ್ ಕೈ ಅಡ್ಡ ಹಿಡಿದ.

"ಆಜ್ ವೈನ್ ನಾಹೀ ಮಾವಶಿ. ಡ್ರೈ ಡೇ. ಕಾರ್ತಿಕಿ ಏಕಾದಶಿ ನಾ!"

"ಏಕಾದಶಿ ನಾಳೆಯಲ್ಲವಾ?" ಎಂದೆ ನಾನು, ಕನ್ನಡದಲ್ಲೇ.

ಕೆಲವು ಸಲ ನಮ್ಮ ಪಂಚಾಂಗದ ಏಕಾದಶಿ ಇಲ್ಲಿಯ ಮರಾಠಿಗರ ಏಕಾದಶಿಯ ಮರುದಿನ ಬೀಳುತ್ತದೆ. ಇಲ್ಲಿ ಕಾರ್ತಿಕಿ ಏಕಾದಶಿಗೆ ಮದ್ಯ ಮಾರುವಂತಿಲ್ಲ. ಎರಡೂ ನನಗೆ ಗೊತ್ತಿದ್ದ ಸಂಗತಿಗಳೇ... ಆದರೆ ನಾನು ನೋಡಿದ್ದು ಅತ್ತೆಯ ಪಂಚಾಂಗ ಮಾತ್ರ.

ಟೀಚರಿಗೆ ಬೇಸರವಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಸೈಕಲ್ ಹ್ಯಾಂಡಲ್ ಮೇಲೆ ಎರಡೂ ಕೈ ಇಟ್ಟು ತೋಟದ ಕಡೆ ನೋಡುತ್ತಾ ನಿಂತರು. ಬಳ್ಳಿಗಳಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಬಿಟ್ಟಿತ್ತು. ನಾನು ಸಾರಿ, ಸಾರಿ ಎನ್ನುತ್ತಲೇ ಇದ್ದೆ.

"ಸಾಕು ಮಾರಾಯ್ತಿ, ಜಪ ಮಾಡಬೇಡ," ಎಂದರು ಕೊನೆಗೆ. "ನಿನ್ನತ್ತೆಯ ಉಪವಾಸ ನನ್ನ ಗಂಟಲಿಗೂ ಬಂತಲ್ಲ!"

ಅಲ್ಲಿನ ಕ್ಯಾಂಟೀನಿನಲ್ಲಿ ಅವತ್ತು ಸಿಗುತ್ತಿದ್ದದ್ದು ಇಲ್ಲಿಯವರು ಉಪವಾಸಕ್ಕೆ ತಿನ್ನುವ ಸಬ್ಬಕ್ಕಿಯ ಸಾಬುದಾಣಾ ಖಿಚಡಿ ಮಾತ್ರ. ತಿಂದೆವು. ಅವರು ಎರಡನೆಯ ಪ್ಲೇಟೂ ತರಿಸಿಕೊಂಡರು.

ಆಪರೇಷನ್ ಆಯಿತು. ಡಾಕ್ಟರು ಸೈಕಲ್ ಬೇಡವೆಂದೇ ಹೇಳಿದರು. ಡಿಸೆಂಬರಿನಲ್ಲಿ ನಾನು ಅತ್ತೆಯ ಮುಂದೆ ಕೂತು ನಿಜ ಹೇಳಿದೆ. ಎಲ್ಲಿಗೆ ಹೋಗಿದ್ದೆವು, ಏಕೆ, ಈಗ ಟೀಚರಿಗಾಗಿ ಮತ್ತೆ ಹೋಗಬೇಕೆಂದಿರುವುದು, ಎಲ್ಲ. ಅವರು ತುಂಬ ಹೊತ್ತು ಬತ್ತಿ ಹೊಸೆದರು. ಆಮೇಲೆ, "ಒಬ್ಬಳೇ ಹೋಗ್ತೀಯಾ? ಸ್ವೆಟರ್ ಹಾಕಿಕೋ," ಎಂದರು.

ಹೋದೆ. ಹಿಂದೆ ಯಾರೂ ಇಲ್ಲದೆ ಅಷ್ಟು ದೂರ ಸೈಕಲ್ ತುಳಿದದ್ದು ಅದೇ ಮೊದಲು. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತಂದೆ. ಟೀಚರ್ ಹಾಸಿಗೆಯ ಮೇಲೆ ಕಾಲು ಚಾಚಿ, ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕುಡಿದು ಮುಖ ಹಿಂಡಿದರು.

"ಇಷ್ಟಕ್ಕಾ ನಮ್ಮವರು ಅಷ್ಟು ವರ್ಷ ಆಸೆಪಟ್ಟದ್ದು? ಇದಕ್ಕಿಂತ ಪುನರ್ಪುಳಿ ಶರಬತ್ತು ಎಷ್ಟೋ ವಾಸಿ!"

ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮತ್ತೆ ಲೋಟ ಎತ್ತಿ, ಸದ್ದಿಲ್ಲದೆ, ಉಳಿದದ್ದನ್ನು ಮುಗಿಸಿದರು.

ಅವರು ಹೋಗಿ ಎರಡು ವರ್ಷವಾಯಿತು. ನಿದ್ದೆಯಲ್ಲೇ ಹೋದರು. ಕಾಮೋಠೆಯಲ್ಲಿರುವ ಮಗಳು ಮನೆ ಖಾಲಿ ಮಾಡುವಾಗ ಸೈಕಲ್ಲನ್ನು ನನಗೇ ಬಿಟ್ಟುಹೋದಳು. ಟೀಚರ್ ನನಗಿಂತ ಎತ್ತರ. ಸೀಟಿನ ಸ್ಕ್ರೂ ಸಡಿಲಿಸಿ ಒಂದಿಷ್ಟು ಇಳಿಸಿದರೆ ನನಗೆ ಸರಿಹೋಗುತ್ತದೆ; ಐದು ನಿಮಿಷದ ಕೆಲಸ. ಇನ್ನೂ ಇಳಿಸಿಲ್ಲ... ಸಿಗ್ನಲ್‌ನಲ್ಲಿ ನಿಂತಾಗ ನನ್ನ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತದೆ.