ಡೋರ್ಕಸ್ ಮಗನಿಗೆ ನಾನು ಮುಟ್ಟಿಸದ ಮಾತು

ಡೋರ್ಕಸ್‌ಗೆ ನಾನು ಸುಳ್ಳು ಹೇಳಿದೆ. ಅದು ಕನಿಕರದಿಂದ ಹೇಳಿದ ಸುಳ್ಳು ಎಂದು ಅವರ ಮಗಳು ರೂತ್ ಆರು ವರ್ಷ ನಂಬಿಕೊಂಡಿದ್ದಳು. ಕನಿಕರ ಅಲ್ಲ — ನನ್ನ ಅನುಕೂಲ.

೨೦೧೨ರ ಮಾತು. ನೈರೋಬಿಯ ಲೊರೆಶೋದಲ್ಲಿ ನಮ್ಮ ಮನೆ. ನಾನು ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೆ; ಗಂಡನಿಗೆ ಆ ವರ್ಷ ದಕ್ಷಿಣ ಸುಡಾನಿನ ಜುಬಾದಲ್ಲಿ ಪೋಸ್ಟಿಂಗ್. ನಾಲ್ಕು ವರ್ಷದ ಮಗಳು ತನ್ವಿಯನ್ನು ನೋಡಿಕೊಳ್ಳುತ್ತಿದ್ದವಳು ರೂತ್. ಅವಳ ತಾಯಿ ಡೋರ್ಕಸ್ ಹೊಟ್ಟೆನೋವಿನ ಚಿಕಿತ್ಸೆಗೆಂದು ಪಶ್ಚಿಮ ಕೀನ್ಯಾದ ಹಳ್ಳಿಯಿಂದ ಬಂದು, ನಮ್ಮ ಹಿತ್ತಲ ಕೋಣೆಯಲ್ಲಿ ಮಗಳೊಂದಿಗೆ ಉಳಿದರು.

ಅವರು ಮೆನೊನೈಟ್ ಪಂಥದ ಕ್ರೈಸ್ತರು. ಆಯುಧ ಹಿಡಿಯಬಾರದು, ಆಣೆ ಇಡಬಾರದು, ಆಡಿದ ಮಾತು ಆಣೆಯಿಲ್ಲದೆಯೇ ನಿಜವಾಗಿರಬೇಕು — ಇದನ್ನೆಲ್ಲ ಅವರು ಭಾನುವಾರ ಕೇಳಿ ಸೋಮವಾರ ಮರೆಯುವವರಲ್ಲ. ಒಮ್ಮೆ ಹೊಲದ ಬದುವಿನ ಜಗಳದಲ್ಲಿ ಊರ ಹಿರಿಯರು ಬೈಬಲ್ ಮುಟ್ಟಿ ಆಣೆ ಮಾಡು ಎಂದರಂತೆ. "ಕಂಡದ್ದು ಹೇಳಿದೀನಿ, ಇದಕ್ಕಿಂತ ಹೆಚ್ಚಿನ ನಿಜ ನನ್ನ ಹತ್ರ ಇಲ್ಲ" ಎಂದು ಡೋರ್ಕಸ್ ಕೈ ಕಟ್ಟಿ ನಿಂತರು. ಮೆಕ್ಕೆಜೋಳದ ಒಂದು ಪಟ್ಟಿ ಜಮೀನು ನೆರೆಯವನ ಪಾಲಾಯಿತು. ಆ ನೆರೆಯವನ ಹೆಂಡತಿ ಬಾಣಂತಿಯಾದಾಗ ಅದೇ ಪಟ್ಟಿಯ ಕಳೆ ಕಿತ್ತುಕೊಟ್ಟು ಬಂದವರೂ ಇವರೇ. ಗಂಡ ತೀರಿಕೊಂಡ ಮೇಲೆ ಉತ್ತು ಬಿತ್ತಿ ಐದು ಮಕ್ಕಳನ್ನು ಸಾಕಿದ್ದರು. ನಮ್ಮ ಮನೆಯಲ್ಲೂ ಸುಮ್ಮನೆ ಕೂರಲಾರರು — ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಹೊಟ್ಟೆ ಒತ್ತಿ ಹಿಡಿದು, ನನ್ನ ಕರಿಬೇವಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುವುದು ಇಲ್ಲಿಯ ರೂಢಿ. ನಾನು ಅವರಿಗೆ ಮಾಮಾ ತನ್ವಿ, ಅಂದರೆ ತನ್ವಿಯ ಅಮ್ಮ. ನನಗೆ ತಿಳಿಯಲೆಂದು ಸ್ವಾಹಿಲಿಯಲ್ಲಿ ನಿಧಾನವಾಗಿ ಹೇಳಿದರು. ಹಿರಿಮಗ ಡ್ಯಾನಿಯಲ್ ಸೈನ್ಯ ಸೇರಿದಾಗ, ಬಂದೂಕು ಹಿಡಿದ ಕೈಗೆ ನನ್ನ ಮನೆಯಲ್ಲಿ ಅನ್ನವಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರಂತೆ. ಅವನು ಮತ್ತೆ ಬರಲೇ ಇಲ್ಲ.

"ಬಂದೂಕು ತಪ್ಪೇ. ಆದ್ರೆ ಮಗನಿಗೆ ಊಟ ಇಲ್ಲ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನ ಕಾಯಿಲೆ ವಾಸಿ ಆಗಲ್ಲ ಅಂದ್ರೆ ಮೊದಲು ಊರಿಗೆ ಹೋಗ್ಬೇಕು. ಅವನನ್ನ ಕರೆಸಿ, ಬಡಿಸಿ, ಎದುರಿಗೇ ಕ್ಷಮೆ ಕೇಳ್ಬೇಕು. ರೂತ್‌ಗೆ ಹೇಳ್ಬೇಡ. ಈ ಮಾತು ಮೊದಲು ಅವನ ಕಿವಿಗೇ ಬೀಳ್ಬೇಕು."

ವಾರದ ನಂತರ ಅಪ್ಪರ್ ಹಿಲ್‌ನ ಆಸ್ಪತ್ರೆಗೆ ನಾನೇ ಅವರನ್ನು ಕರೆದುಕೊಂಡು ಹೋದೆ. ತನ್ವಿಗೆ ಜ್ವರವೆಂದು ರೂತ್ ಮನೆಯಲ್ಲಿ ಉಳಿದಳು. ವರದಿ ಕೇಳಲು ಒಳಗೆ ಹೋದವಳು ನಾನೊಬ್ಬಳೇ. ಕ್ಯಾನ್ಸರ್ ಯಕೃತ್ತಿಗೆ ಹರಡಿದೆ, ಉಳಿದಿರುವುದು ಕೆಲವು ವಾರ, ಊರಿಗೆ ಕರೆದೊಯ್ದರೆ ಒಳ್ಳೆಯದು — ವೈದ್ಯರು ಸ್ಪಷ್ಟವಾಗಿಯೇ ಹೇಳಿದರು.

ಹೊರಗೆ ಬೆಂಚಿನ ಮೇಲೆ ಡೋರ್ಕಸ್ ಕಾಯುತ್ತಿದ್ದರು. "ವಾಸಿ ಆಗುತ್ತಾ? ಹೌದಾದ್ರೆ ಹೌದು ಅನ್ನು, ಇಲ್ಲಾದ್ರೆ ಇಲ್ಲ."

ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದು ಅವರ ಮಗನಲ್ಲ. ಮುಂದಿನ ತಿಂಗಳು ನಾನು ದಾನಿಗಳ ಮುಂದೆ ಒಪ್ಪಿಸಬೇಕಿದ್ದ ಯೋಜನೆ — ರೂತ್ ತಾಯಿಯೊಂದಿಗೆ ಹೊರಟುಬಿಟ್ಟರೆ ತನ್ವಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಲೆಕ್ಕ — ಅಷ್ಟೇ.

"ಆಗುತ್ತೆ," ಎಂದೆ. "ಒಂದು ತಿಂಗಳು ಇಲ್ಲೇ ಇದ್ರೆ ಸಾಕು."

ಅವರು ನನ್ನ ಕೈ ಹಿಡಿದು "ಅಸಾಂಟೆ" ಎಂದರು. ಧನ್ಯವಾದ — ನನಗೆ! ಮನೆಗೆ ಬಂದು ರೂತ್‌ಗೂ ಅದನ್ನೇ ಹೇಳಿದೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ರೂತ್ ಗಂಜಿ ತರುವಷ್ಟರಲ್ಲಿ, ಡೋರ್ಕಸ್ ಹೋಗಿಬಿಟ್ಟರು.

ಮಣ್ಣಿಗೆ ನಾನೂ ಅವರ ಊರಿಗೆ ಹೋದೆ. ಅವರು ಕಳೆ ಕಿತ್ತುಕೊಟ್ಟಿದ್ದ ನೆರೆಮನೆಯ ಹೆಂಗಸು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಸಮಾಧಿಯಿಂದ ತಿರುಗಿ ಬರುವಾಗ ಸಾದಾ ಅಂಗಿ ತೊಟ್ಟ ಎತ್ತರದ ಗಂಡಸೊಬ್ಬ ನನ್ನ ಹತ್ತಿರ ಬಂದ. ಡ್ಯಾನಿಯಲ್.

"ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

ಹೇಳಿದರೆ — ಹಾಗಾದರೆ ಅಮ್ಮ ಯಾಕೆ ಊರಿಗೆ ಬರಲಿಲ್ಲ ಎಂದು ಕೇಳುತ್ತಾನಲ್ಲ? "ತುಂಬಾ ಸುಸ್ತಾಗಿದ್ರು," ಎಂದೆ, "ಹೆಚ್ಚು ಮಾತಾಡ್ತಿರಲಿಲ್ಲ." ಅವನು ತಲೆಯಾಡಿಸಿ ಹೊರಟುಹೋದ. ಮೊದಲ ಸುಳ್ಳಿಗೆ ಗಡಿಬಿಡಿಯ ನೆಪವಾದರೂ ಇತ್ತು. ಇದಕ್ಕೆ ಅದೂ ಇಲ್ಲ.

ವೈದ್ಯರು ನನಗೆ ನಿಜ ಹೇಳಿದ್ದರೆಂದು ರೂತ್‌ಗೆ ನಂತರ ಆಸ್ಪತ್ರೆಯ ಕಾಗದಗಳಿಂದ ತಿಳಿಯಿತು. ಅವಳು ಸಿಟ್ಟಾಗಲಿಲ್ಲ. ಅಮ್ಮ ಹೆದರಬಾರದೆಂದು ಮುಚ್ಚಿಟ್ಟಿರಿ ಎಂದು ನನ್ನನ್ನು ತಬ್ಬಿಕೊಂಡಳು. ನಾನು ತಬ್ಬಿಸಿಕೊಂಡೆ.

ಈಗ ನಾವು ಮೈಸೂರಿಗೆ ಮರಳುವವರಿದ್ದೇವೆ. ಕಳೆದ ಭಾನುವಾರ ಬೀಳ್ಕೊಡಲು ಬಂದ ರೂತ್, ಹತ್ತು ವರ್ಷದ ತನ್ವಿಯ ಮುಂದೆ ಆ ಕಥೆ ಹೇಳಿದಳು — "ನಿನ್ನ ಅಮ್ಮನ ಮನಸ್ಸು ಅಷ್ಟು ಮೃದು." ತನ್ವಿ ನನ್ನ ಕಡೆ ತಿರುಗಿ, ಎಂದಿನಂತೆ ಇಂಗ್ಲಿಷಿನಲ್ಲಿ, ಒಳ್ಳೆಯದಕ್ಕಾದರೆ ಸುಳ್ಳು ಹೇಳಬಹುದಾ ಎಂದು ಕೇಳಿದಳು.

ಮರುದಿನ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ರೂತ್ ಈಗ ನಡೆಸುತ್ತಿರುವ ಹೊಲಿಗೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಯಂತ್ರ ನಿಲ್ಲಿಸಿ ಕೇಳಿದಳು. ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಅಣ್ಣ ಸೈನ್ಯ ಬಿಟ್ಟು ಅದೇ ಹೊಲ ಉಳ್ತಾ ಇದ್ದಾನೆ," ಎಂದಳು ಕೊನೆಗೆ. "ಅಮ್ಮ ಸಿಟ್ಟಲ್ಲೇ ಸತ್ತಳು ಅಂದ್ಕೊಂಡು ಉಳ್ತಾ ಇದ್ದಾನೆ. ನನ್ನ ಹತ್ರ ಕ್ಷಮೆ ಕೇಳ್ಬೇಡಿ, ಮಾಮಾ ತನ್ವಿ. ಹೋಗಿ ಅವನಿಗೆ ಹೇಳಿ."

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಅವನು ಏನೆನ್ನುತ್ತಾನೋ, ಅಂಗಳಕ್ಕೆ ಬಿಟ್ಟುಕೊಳ್ಳುತ್ತಾನೋ ಇಲ್ಲವೋ. ಡೋರ್ಕಸ್ ಅವನಿಗೆ ಹೇಳಬೇಕೆಂದಿದ್ದುದನ್ನು ಮೊದಲು ಪೂರ್ತಿಯಾಗಿ ಹೇಳುತ್ತೇನೆ. ನಾನು ಮಾಡಿದ್ದು ಅದಾದ ಮೇಲೆ.