ಬಲಗಡೆಯಿಂದ ಓದಬೇಕಾದ ಪ್ರೇಮ

ಟ್ರಂಕಿನ ತಳದಿಂದ ಹಳೆಯ ಪುಸ್ತಕವೊಂದನ್ನು ತೆಗೆದೆ, ಸೀನು ಬಂತು. ಬ್ಯಾಡಗಿಯ ಘಾಟು ಇನ್ನೂ ಅದರ ಹಾಳೆಗಳಲ್ಲಿ ಕುಳಿತಿದೆ. ಜಪಾನಿನ ಚಿತ್ರಕಥೆ ಅದು, ಮಾಂಗಾ ಎನ್ನುತ್ತಾರೆ, ಇಂಗ್ಲಿಷಿಗೆ ಬಂದದ್ದು. ನನ್ನ ಗೆಳತಿ ಶಾಹೀನಳಿಗೆ ಅವಳ ಮುಂಬಯಿಯ ಮಾಮಾ ತಂದುಕೊಟ್ಟಿದ್ದರು; ಕೊನೆಗೆ ನನ್ನ ಬಳಿಯೇ ಉಳಿಯಿತು. ಅವಳ ಮನೆಯ ಕೆಳಗೇ ಮೆಣಸಿನಕಾಯಿ ಗೋದಾಮು.

ಮೊದಲು ಓದಿದವಳು ನಾನು, ಕನ್ನಡ ಓದುವ ಹಾಗೆ ಎಡಗಡೆಯಿಂದ. ರೈಲು ನಿಲ್ದಾಣದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಅಗಲುತ್ತಾರೆ, ಆಮೇಲೆ ಜಗಳವಾಡುತ್ತಾರೆ, ಕೊನೆಗೆ ಒಬ್ಬರ ಹೆಸರು ಒಬ್ಬರು ಕೇಳುತ್ತಾರೆ. ಪ್ರೇಮದ ತುದಿಯಲ್ಲಿ ಎಲ್ಲರೂ ಅಪರಿಚಿತರು ಎಂಬ ಘನವಾದ ಅರ್ಥವನ್ನೂ ಹಚ್ಚಿದೆ. ಉರ್ದು ಓದುವ ಶಾಹೀನಳ ಕೈ ತಾನಾಗಿ ಬಲಗಡೆಯಿಂದ ತೆರೆಯಿತು. ಮಾಂಗಾ ಓದಬೇಕಾದದ್ದೂ ಹಾಗೆಯೇ, ಇಂಗ್ಲಿಷಿಗೆ ಬಂದರೂ.

“ಅಯ್ಯ ಹುಚ್ಚಿ, ಉಲ್ಟಾ ಓದೀದಿ! ಅವ್ರಿಗೆ ಇನ್ನೂ ಭೆಟ್ಟೀನ ಆಗಿಲ್ಲ, ನೀ ಆಗ್ಲೇ ಅಳಿಸಿ ಕಳಿಸೀದಿ.”

ನನ್ನ ಕಥೆಯೇ ಚೆನ್ನಾಗಿತ್ತೇನೋ ಎಂದು ಈಗಲೂ ನನಗೆ ಅನುಮಾನವಿದೆ.

ಅದೇ ಕಥೆಯನ್ನು ನಿಜವಾದ ನಟರನ್ನಿಟ್ಟು ಮಾಡಿದ ಸೀರಿಯಲ್ಲಿನ ಸಿಡಿಗಳು ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಸಿಕ್ಕವು. ಪುಸ್ತಕದಲ್ಲಿ ಅಗಲುವಾಗ ಹುಡುಗ ತುಟಿ ಬಿಚ್ಚುವುದಿಲ್ಲ. ಪುಟದ ತುಂಬ ಬಿಳಿ. ಮೂಲೆಯಲ್ಲಿ ಅವನ ಕಾಲರ್ ಮಾತ್ರ. ಸೀರಿಯಲ್ಲಿನವನು ಮಳೆಯಲ್ಲಿ ಓಡಿಬಂದು, ರೈಲಿನ ಕಿಟಕಿ ಹಿಡಿದು, ಪಿಟೀಲಿನ ಜೊತೆ ಎದೆಯಲ್ಲಿದ್ದದ್ದನ್ನೆಲ್ಲ ಸುರಿದ.

“ಬಾಯಿ ತೆಗದು ಕೆಡಿಸಿಬಿಟ್ಟ,” ಎಂದೆ.

ಶಾಹೀನ್ ಓಢಣಿಯಿಂದ ಕಣ್ಣೊರೆಸಿಕೊಂಡಳು. “ಹೇಳಿದ್ನಲ್ಲ, ಅಷ್ಟ ಸಾಕು. ನಿನ್ನ ಪುಸ್ತಕದವ ಬರೇ ಕಾಲರ್ ತೋರಿಸ್ಯಾನ.”

ಇದು ಬರೀ ವಾದವಲ್ಲ ಎಂದು ನಿಮಗೆ ಹೇಳಬೇಕು. ಆ ವಾರವೇ ಹಾವೇರಿಯಿಂದ ಅವಳನ್ನು ನೋಡಲು ಗಂಡು ಬಂದಿದ್ದ. ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಿರಲಿಲ್ಲ. ಅವನ ಕಣ್ಣು ಅವಳಿಗೆ ಹಿಡಿಸಿತ್ತು. ಶುಕ್ರವಾರದೊಳಗೆ ಅಮ್ಮೀಗೆ ಹೂಂ ಅಥವಾ ಉಹೂಂ ಹೇಳಬೇಕು.

“ಇವ ಪುಸ್ತಕದವನಂಗ ಸುಮ್ನಿದ್ನೋ, ಹೇಳಾಕ ಏನೂ ಇಲ್ಲಂತ ಸುಮ್ನಿದ್ನೋ? ನೀ ಶಾಣ್ಯಾಕಿ, ಹೇಳು.”

“ಮೌನದಾಗ ಆಳ ಇರ್ತದ,” ಎಂದೆ, ಗಂಭೀರವಾಗಿ.

“ಬಾವ್ಯಾಗೂ ಇರ್ತದ. ಬಾವೀನ ಮದವಿ ಆಗ್ಲೇನು?”

ಅವಳೇ ಹಾವೇರಿಗೆ, ಆ ಹುಡುಗನಿಗೆ ಫೋನ್ ಮಾಡಿದಳು. ರಿಸೀವರಿಗೆ ನಾನೂ ಕಿವಿ ಹಚ್ಚಿದೆ. “ಅವತ್ತ ಯಾಕ ಮಾತಾಡ್ಲಿಲ್ರಿ?” ಆಚೆ ಬಿಳಿಪುಟ. ಆಮೇಲೆ ಸಣ್ಣ ದನಿ: “ನಿಮ್ಮ ಮನಿ ಘಾಟಿಗೆ ಬಾಯಿ ತೆಗದ್ರ ಕೆಮ್ಮು ಬರ್ತಿತ್ರಿ. ಕೆಮ್ಮಿದ್ರ ಹುಡುಗಗ ರೋಗ ಐತಿ ಅಂತೀರಂತ ಉಸಿರು ಹಿಡಿದು ಕುಂತಿದ್ದೆ.” ಶಾಹೀನ್ ಬಿದ್ದುಬಿದ್ದು ನಕ್ಕಳು. ನಕ್ಕೇ ಹೂಂ ಅಂದಳು.

ಹೀಗೆಂದು ನನ್ನ ನೆನಪು. ಅಷ್ಟು ನೀಟಾಗಿದೆ ಎಂದೇ ಸಂಶಯ ಬಂದು, ಈಗ ಹಾವೇರಿಯಲ್ಲಿರುವ ಅವಳಿಗೆ ಫೋನ್ ಮಾಡಿದೆ.

“ಇದನ್ನೂ ಉಲ್ಟಾ ಓದೀಯಲ್ಲ! ಮೊದ್ಲ ಹೂಂ ಅಂದೇನಿ, ಆಮ್ಯಾಲ ಫೋನ್ ಮಾಡಿ ಕೇಳೀನಿ.”

ಅಂದರೆ ಸೀರಿಯಲ್ಲಿಗೆ ಅತ್ತವಳು ಏನೂ ತಿಳಿಯದೆ ಆ ಬಿಳಿಪುಟಕ್ಕೇ ಒಪ್ಪಿದ್ದಳು. “ಹಂಗಾದ್ರ ನನ್ನ ಪುಸ್ತಕ ಗೆದ್ದಂಗಾತು!”

“ಎಲ್ಲಿ ಗೆದ್ದೈತಿ? ಕೇಳಿಲ್ಲಿ. ನಿಖಾ ಆದಾಗಿಂದ ಇವ್ರು ಸೀರಿಯಲ್ ಆಗ್ಯಾರ.” ಅವಳ ಹಿಂದೆ ಗಂಡನ ಮಾತು ಬಸ್ಸಿನ ಇಂಜಿನ್ನಿನಂತೆ ನಡೆದೇ ಇತ್ತು. ಏನೋ ಚುಂಯ್ ಎಂದಿತು. ಮಾತು ಥಟ್ಟನೆ ನಿಂತಿತು.

“ಯಾಕ ಸುಮ್ನಾದ್ರು?”

“ಒಗ್ಗರಣಿಗೆ ಮೆಣಸಿನಕಾಯಿ ಹಾಕೇನಿ.”

ಆ ಮೌನ ಮುಗಿಯುವುದರೊಳಗೆ ಪುಸ್ತಕವನ್ನು ಬಲಗಡೆಯಿಂದ ತೆರೆದೆ. ಮೊದಲ ಪುಟದಲ್ಲಿ ಆ ಹುಡುಗ, ಹುಡುಗಿ ಇನ್ನೂ ಒಬ್ಬರ ಹೆಸರು ಒಬ್ಬರು ಕೇಳುತ್ತಿದ್ದರು.